ಹೆರಳಿನ ಹಾಡಿಗೆ ವನ್ಸ್ ಮೋರ್

ಮೊದಲು ಕೂಗಿದವಳು ನಾನೇ. ಇದನ್ನು ಆರಂಭದಲ್ಲೇ ಬರೆದಿಡುತ್ತಿದ್ದೇನೆ. ಹೇಳುತ್ತ ಹೋದಂತೆ ತಪ್ಪನ್ನು ನಾಲ್ಕು ಜನರಿಗೆ ಹಂಚುವ ಆಸೆ ಹುಟ್ಟಬಹುದು. ಕುಷ್ಟಗಿಯಲ್ಲಿ ನಾಟಕ ಕಂಪನಿಯವರು ಹಾಕಿದ್ದ ತಗಡಿನ ಥೇಟರಿನೊಳಗೆ, ಮಧ್ಯಾಹ್ನದ ಆಟದಲ್ಲಿ, ಹೆಂಗಸರ ಬದಿಯ ಮೂರನೆಯ ಸಾಲಿನಲ್ಲಿ ಎದ್ದುನಿಂತು "ವನ್ಸ್ ಮೋರ್" ಎಂದೆ. ಆಗ ನನಗೆ ಅರವತ್ತೇಳು ವರ್ಷ. ಅದಕ್ಕೂ ಮೊದಲು ಯಾವ ಸಭೆಯಲ್ಲೂ ದನಿ ಎತ್ತಿದವಳಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೈದು ವರ್ಷ ನರ್ಸ್ ಕೆಲಸ ಮಾಡಿದೆ. ಕಡೆಯ ಹತ್ತು ವರ್ಷ ಹೆಂಗಸರ ಆಪರೇಷನ್ ವಾರ್ಡು ನನ್ನ ಕೈಯಲ್ಲಿತ್ತು. ನಾಲ್ಕೂವರೆಗೆ ಏಳಬೇಕು, ಆರಕ್ಕೆ ಜ್ವರ ನೋಡಬೇಕು, ಎಂಟಕ್ಕೆ ಡಾಕ್ಟರು ರೌಂಡ್ಸಿಗೆ ಬರುವ ಮುಂಚೆ ಎಲ್ಲ ಹಾಸಿಗೆಗಳ ಚಾದರದ ಅಂಚು ಒಂದೇ ಗೆರೆಯಲ್ಲಿರಬೇಕು. ನಿವೃತ್ತಿಯ ಕಾಗದ ಬಂದ ಮಾತ್ರಕ್ಕೆ ಬಿಟ್ಟುಹೋಗುವ ಅಭ್ಯಾಸಗಳಲ್ಲ ಇವು. ಮದುವೆಯಾಗಲಿಲ್ಲ, ಅದಕ್ಕೆ ಕಥೆಯೇನೂ ಇಲ್ಲ. ತಂಗಿಯ ಗಂಡ ತೀರಿಕೊಂಡ ಮೇಲೆ ಕುಷ್ಟಗಿಯಲ್ಲಿ ಆಕೆಯ ಮನೆಗೆ ಬಂದು ಉಳಿದೆ. ಆಕೆಯ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬುವವಳು ನಾನು, ಬೆರಳು ಚುಚ್ಚಿ ಸಕ್ಕರೆ ನೋಡುವವಳೂ ನಾನೇ. ಮನೆಗೆ ಬಂದವರ ಮುಂದೆ ಆಕೆ ಹೇಳುವುದು ಒಂದೇ ಮಾತು: "ಇದು ಮನಿ ಅಲ್ರಿ, ಜನರಲ್ ವಾರ್ಡ್. ನಮ್ಮಕ್ಕ ನನಗ ಇನ್ನಾ ಡಿಸ್ಚಾರ್ಜ್ ಕೊಟ್ಟಿಲ್ಲ."

ನಾಟಕಕ್ಕೆ ಹೋಗಬೇಕೆಂದು ಹಟ ಹಿಡಿದವಳು ಆಕೆ. ಮೊಣಕಾಲು ನೋವಿನವಳನ್ನು ಆಟೋ ಹತ್ತಿಸಿ ಇಳಿಸಲು ಜೊತೆಗೊಬ್ಬರು ಬೇಕಿತ್ತು, ಹೋದೆ. ಮೂರು ಗಂಟೆಯ ಆಟ ಮೂರೂ ಇಪ್ಪತ್ತಕ್ಕೆ ಶುರುವಾಯಿತು. ನನ್ನ ಸಿಟ್ಟು ಅಲ್ಲಿಂದಲೇ ಶುರು. ಬಿಸಿಲಿಗೆ ತಗಡು ಕಾದು ಒಳಗೆ ಒಲೆಯ ಮುಂದೆ ಕೂತಂತಿತ್ತು. ಹಾಸ್ಯದವರು ಬಂದು ಹೆಂಡತಿಯರ ಮೇಲೆ ಚೇಷ್ಟೆ ಮಾಡಿ ಹೋದರು, ಜನ ನಕ್ಕರು. ರೆಕಾರ್ಡಿನ ಹಾಡಿಗೆ ಇಬ್ಬರು ಹುಡುಗಿಯರು ಕುಣಿದರು, ಜನ ಸಿಳ್ಳೆ ಹಾಕಿದರು. ಮಧ್ಯಂತರಕ್ಕೆ ತಂಗಿಯನ್ನು ಎಬ್ಬಿಸಿಕೊಂಡು ಮನೆಗೆ ಹೋಗುವುದೆಂದು ನಿರ್ಧರಿಸಿ ಗಡಿಯಾರ ನೋಡಿಕೊಂಡೆ.

ಅಷ್ಟರಲ್ಲಿ ಆ ಹಾಡು ಬಂತು. ನಾಟಕದ ಕಥೆ ಸರಳವಾದದ್ದು. ದೊಡ್ಡ ಮನೆತನದ ಹಿರಿಯ ಸೊಸೆಯ ಮೇಲೆ ಸುಳ್ಳು ಅಪವಾದ ಬರುತ್ತದೆ, ಮಾವ ಮನೆ ಬಿಟ್ಟು ನಡೆ ಎನ್ನುತ್ತಾನೆ. ಹೋಗುವ ಮುಂಚೆ ಆಕೆ ಕೆಲಸದವಳನ್ನು ಕರೆದು ಹೆರಳು ಹಾಕಿಸಿಕೊಳ್ಳುತ್ತಾಳೆ. ತಲೆ ಕೆದರಿಕೊಂಡು ಹೊಸ್ತಿಲು ದಾಟಲಾರೆ, ಹೊತ್ತಾದರೆ ಆಗಲಿ, ಒಂದು ಎಳೆಯೂ ಹೊರಬೀಳದಂತೆ ಬಿಗಿಯಾಗಿ ಹೆಣೆ ಎಂದು ಹಾಡುತ್ತಾಳೆ. ಹಾಡು ಮುಗಿಯುವ ಹೊತ್ತಿಗೆ ಹೆರಳೂ ಮುಗಿಯಬೇಕು.

ಹಾಡಿದವರಿಗೆ ಐವತ್ತು ದಾಟಿತ್ತು. ಬಣ್ಣದ ಕೆಳಗೂ ಅದು ತಿಳಿಯುತ್ತಿತ್ತು. ದಪ್ಪ ಮೈ, ದೊಡ್ಡ ಕೈಗಳು. ಮೈಕಿನಿಂದ ಎರಡು ಮೊಳ ದೂರ ಕೂತು ಹಾಡಿದರು. ಪೇಟಿ, ತಬಲಾ ಬಿಟ್ಟರೆ ಬೇರೆ ವಾದ್ಯವಿಲ್ಲ. ಅಳುವ ಹಾಡಿನಲ್ಲಿ ಅಳದೆ ಹಾಡಿದರು, ಅದೇ ನನ್ನನ್ನು ಹಿಡಿದು ಕೂಡಿಸಿತು. ಆಪರೇಷನ್ನಿಗೆ ಕಳಿಸುವ ಹೆಣ್ಣುಮಕ್ಕಳ ತಲೆ ಬಾಚಿ ಎರಡು ಹೆರಳು ಹಾಕಿ ಕಳಿಸಬೇಕೆಂಬುದು ನಮ್ಮ ವಾರ್ಡಿನ ನಿಯಮವಾಗಿತ್ತು. ಆಯಾಗಳಿಗೆ ಬಿಡದೆ ನಾನೇ ಹಾಕುತ್ತಿದ್ದೆ, ಅವರು ಸಡಿಲ ಹಾಕುತ್ತಾರೆಂದು. ಆ ಐದು ನಿಮಿಷ ಯಾವ ಹೆಂಗಸೂ ಮಾತಾಡುತ್ತಿರಲಿಲ್ಲ. ಹಿಂದೆ ಕೂತ ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಕುತ್ತಿಗೆ ಮಾತ್ರ ಕಾಣುತ್ತಿತ್ತು. ಅಷ್ಟು ವರ್ಷ ನೋಡಿಕೊಂಡು ಬಂದ ಆ ಕುತ್ತಿಗೆಗಳ ನೆನಪು ಅಂದು ಒಮ್ಮೆಲೇ ಬಂತು.

ಎದ್ದೆ, ಕೂಗಿದೆ. ಮೂವತ್ತು ಹಾಸಿಗೆಯ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸಬೇಕಾಗಿದ್ದ ದನಿ ಅದು, ಸಣ್ಣದಿರಲಿಲ್ಲ. ತಂಗಿ ಸೆರಗು ಹಿಡಿದು ಜಗ್ಗಿದಳು. ಹಿಂದಿನಿಂದ ಯಾರೋ, "ಯಾರಬೇ ಅದು, ಸಾಲಿ ಬಾಯಾರೇನು?" ಎಂದರು, ನಗೆ ಎದ್ದಿತು. ಆಮೇಲೆ ಗಂಡಸರ ಬದಿಯಿಂದಲೂ ವನ್ಸ್ ಮೋರ್ ಬಂತು. ಕಂಪನಿ ನಾಟಕದಲ್ಲಿ ವನ್ಸ್ ಮೋರ್ ಬಂದರೆ ಕಥೆ ನಿಂತುಬಿಡುತ್ತದೆ, ಹಾಡಿದವರು ಮತ್ತೆ ಹಾಡಲೇಬೇಕು. ಹಿರಿಯ ಸೊಸೆ ಕೈಮುಗಿದರು. ಕೆಲಸದವಳು ಹಾಕಿ ಮುಗಿಸಿದ್ದ ಹೆರಳನ್ನು ಬಿಚ್ಚಿ ಮೊದಲಿನಿಂದ ಬಾಚತೊಡಗಿದಳು. ಆ ಬಿಚ್ಚುವುದನ್ನು ನೋಡಿ ಕೂತುಕೊಂಡೆ.

ಮರುದಿನ ಒಬ್ಬಳೇ ಹೋದೆ.

ಯಾವ ಕೆಲಸವನ್ನಾದರೂ ನಾನು ಮಾಡುವುದು ಒಂದೇ ರೀತಿ. ಸೋಮವಾರ, ಬುಧವಾರ, ಶನಿವಾರ ಎಂದು ದಿನ ಗೊತ್ತುಮಾಡಿಕೊಂಡೆ. ಮೂರನೆಯ ಸಾಲಿನಲ್ಲಿ ಓಣಿಯ ಪಕ್ಕದ ಕುರ್ಚಿ. ಚೀಲದಲ್ಲಿ ನೀರು, ಐದು ಗಂಟೆಯ ಮಾತ್ರೆ, ಬೀಸಣಿಕೆ, ಒಂದು ಸಣ್ಣ ಡೈರಿ. ಹಾಡು ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು, ಎರಡನೆಯ ಸಲ ಹೇಗೆ ಹಾಡಿದರು ಎಂದು ಅದರಲ್ಲಿ ಬರೆಯುತ್ತಿದ್ದೆ. ಬರೆದಿಟ್ಟರೇ ನೋಡಿದಂತೆ ಎಂಬುದು ನನಗೆ ಕಲಿಸಿದ ಪಾಠ. ಹದಿನೈದು ದಿನದೊಳಗೆ ಹಾಡು ಮುಗಿದಾಗ ಜನ ತಿರುಗಿ ನನ್ನ ಕಡೆ ನೋಡುವುದನ್ನು ರೂಢಿ ಮಾಡಿಕೊಂಡರು. ನಾನು ಏಳುವವರೆಗೆ ಕಾಯುತ್ತಿದ್ದರು, ಎದ್ದ ಕೂಡಲೇ ದನಿಗೂಡಿಸುತ್ತಿದ್ದರು. ನಾನು ಹೋಗದ ದಿನಗಳಲ್ಲೂ ಎರಡೂ ಆಟಕ್ಕೆ ಅದು ನಡೆಯುತ್ತದೆಂದು ಬಾಗಿಲು ಕಾಯುವವರು ಹೇಳಿದಾಗ, ವಾರ್ಡು ನಾನಿಲ್ಲದೆಯೂ ಸರಿಯಾಗಿ ನಡೆದಿದೆ ಎಂದು ಕೇಳಿದಷ್ಟು ಸಮಾಧಾನವಾಯಿತು.

ಕಂಪನಿ ಅಲ್ಲಿಂದ ಯಲಬುರ್ಗಾಕ್ಕೆ ಮೊಕ್ಕಾಂ ಎತ್ತಿತು. ನಾನೂ ಹೋದೆ. ಹೆಂಗಸರಿಗೆ ಬಸ್ಸಿನಲ್ಲಿ ಈಗ ದುಡ್ಡಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರು ಸೊನ್ನೆ ಬರೆದ ಟಿಕೆಟು ಹರಿದುಕೊಡುತ್ತಾರೆ. ಹತ್ತೂವರೆಗೆ ಊಟ ಮುಗಿಸಿ, ತಂಗಿಯ ಊಟ ಮುಚ್ಚಿಟ್ಟು, ಹನ್ನೆರಡರ ಬಸ್ಸು ಹತ್ತುತ್ತಿದ್ದೆ. ತಂಗಿಗೆ ಇದು ದೊಡ್ಡ ತಮಾಷೆಯಾಗಿತ್ತು. ಮೊದಲು ನಾಟಕಕ್ಕೆ ಕರೆದೊಯ್ದವಳು ತಾನು, ಈಗ ಬಿಸಿಲಿನಲ್ಲಿ ಅಲೆಯುವವಳು ಅಕ್ಕ ಎಂದು ಓಣಿಯವರಿಗೆಲ್ಲ ಹೇಳಿ ನಗುತ್ತಿದ್ದಳು. "ವಯಸ್ಸಿನ್ಯಾಗ ಒಂದು ಸಿನೆಮಾ ನೋಡಲಿಲ್ಲ ಇಕಿ. ಈಗ ಹುಚ್ಚು ಹಿಡದೈತಿ, ಅದೂ ಟೈಮ್ ಟೇಬಲ್ ಹಾಕ್ಕೊಂಡು" ಎಂದಳು ಒಮ್ಮೆ. ನಾನು ಡಬ್ಬಿಯಲ್ಲಿ ಆಕೆಯ ರಾತ್ರಿಯ ಮಾತ್ರೆ ಇದೆಯೇ ನೋಡಿ ಹೊರಟೆ.

ಯಲಬುರ್ಗಾದಲ್ಲಿ ಅವರು ನನ್ನನ್ನು ಕರೆಸಿದರು. ಪರದೆಯ ಹಿಂದೆ ಬಣ್ಣ ಹಚ್ಚಿಕೊಳ್ಳುವ ಜಾಗ, ತಗಡಿನ ಗೋಡೆಗೆ ಒಂದು ಕನ್ನಡಿ, ಟ್ರಂಕಿನ ಮೇಲೆ ಫ್ಲಾಸ್ಕು. ಕಂಪನಿಯಲ್ಲಿ ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇನ್ರಿ ಅದು? ಅಷ್ಟು ದೊಡ್ಡ ದನಿ, ನಾ ಯಾರೋ ಫೌಜ್ದಾರರು ಅನಕೊಂಡಿದ್ದೆ" ಎಂದರು. ಕೂಡಿಸಿ ಚಹಾ ಕೊಟ್ಟರು. ಏಳು ವರ್ಷದವರಿದ್ದಾಗ ತಾಯಿಯ ಜೊತೆ ರಂಗಕ್ಕೆ ಬಂದವರಂತೆ. ಶಾಲೆಗೆ ಹೋಗಲಿಲ್ಲ, ಮಾತುಗಳನ್ನೆಲ್ಲ ಬೇರೆಯವರಿಂದ ಓದಿಸಿ, ಕೇಳಿ ಬಾಯಿಪಾಠ ಮಾಡಿದ್ದಂತೆ. ಮೊದಲು ಒಂದು ನಾಟಕಕ್ಕೆ ಅವರವೇ ಹತ್ತು ಹಾಡು ಇರುತ್ತಿದ್ದವು, ಈಗ ಉಳಿದದ್ದು ಇದೊಂದು. ಉಳಿದವಕ್ಕೆಲ್ಲ ರೆಕಾರ್ಡು ಬಂದಿದೆ. "ಯಾವ ಹಾಡಿಗೆ ವನ್ಸ್ ಮೋರ್ ಬರತೈತಿ ಅದು ಉಳೀತೈತ್ರಿ ಅಕ್ಕಾರ. ಇದೂ ಈ ವರ್ಷ ಹೋಗೂದಿತ್ತು. ಕುಷ್ಟಗಿಯಾಗ ನೀವು ಎದ್ದು ನಿಂತ್ರಿ" ಎಂದರು.

ಅದನ್ನು ಹೊಗಳಿಕೆಯೆಂದು ತಿಳಿದು ಮನೆಗೆ ತಂದೆ. ಅವರು ಹೇಳಿದ್ದು ಕೆಲಸದ ಮಾತು. ಅದು ನನಗೆ ಹೊಳೆಯಲಿಲ್ಲ.

ಡೈರಿಯಲ್ಲಿ ಮೊದಲ ಗುರುತು ಬಿದ್ದದ್ದು ಒಂದು ಬುಧವಾರ. ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಅವರು ಉಸಿರು ಎಳೆದುಕೊಂಡರು; ಮೊದಲು ಹಾಗೆ ಎಳೆಯುತ್ತಿರಲಿಲ್ಲ. ಶನಿವಾರ ಅದೇ ಜಾಗದಲ್ಲಿ ದನಿ ಕೂದಲೆಳೆಯಷ್ಟು ಸೀಳಿತು. ಜನರಿಗೆ ಗೊತ್ತಾಗಲಿಲ್ಲ, ಪೇಟಿ ಮಾಸ್ತರರು ಅಲ್ಲಿ ಸ್ವಲ್ಪ ಜೋರಾಗಿ ಬಾರಿಸಿ ಮುಚ್ಚಿದರು. ಮಾಸ್ತರರಿಗೂ ಗೊತ್ತಿತ್ತೆಂದು ಆಗಲೇ ತಿಳಿಯಿತು. ಕಲ್ಲುಸಕ್ಕರೆ, ಮೆಣಸು, ಜ್ಯೇಷ್ಠಮಧು ಎಲ್ಲ ನಡೆದಿತ್ತು. ಹವಾ ಬದಲಾಗಿದೆ ಎಂದರು ಬಾಯಾರು. ನಾನು ದಿನ ಎಣಿಸುತ್ತ ಹೋದೆ. ಮೂರು ವಾರ ಮೀರಿದ ಗಂಟಲಿನ ಒಡಕನ್ನು ಡಾಕ್ಟರಿಗೆ ತೋರಿಸದೆ ಬಿಡಬಾರದೆಂಬುದು ತರಬೇತಿಯ ಮೊದಲ ವರ್ಷದಲ್ಲೇ ಹೇಳಿಕೊಡುವ ಪಾಠ. ಇಪ್ಪತ್ತೆರಡನೆಯ ದಿನ ಅವರನ್ನು ಹೊರಡಿಸಿಕೊಂಡು ಕೊಪ್ಪಳಕ್ಕೆ, ಗಂಟಲಿನ ಡಾಕ್ಟರ ಹತ್ತಿರ ಕರೆದೊಯ್ದೆ. ಕುಕನೂರಿನ ಮೇಲೆ ಹೋಗುವ ಬೆಳಗಿನ ಬಸ್ಸು ಹಿಡಿದೆವು.

ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಅವರು ಹೇಳುವ ಮೊದಲೇ ನಾನು ಕಂಡೆ: ಸ್ವರದ ತಂತುಗಳ ಮೇಲೆ, ಎದುರು ಬದುರು, ಜೋಳದ ನುಚ್ಚಿನಷ್ಟು ಎರಡು ಗಂಟು. ಕ್ಯಾನ್ಸರ್ ಅಲ್ಲ ಎಂದರು. ಬಳಸಿ ಬಳಸಿ ಆದದ್ದು. ಆರು ವಾರ ಪೂರ್ತಿ ಮೌನ, ಪಿಸುಮಾತೂ ಬೇಡ. ಆಮೇಲೆ ಮಿತವಾಗಿ ಹಾಡಬಹುದು. ಹೀಗೇ ಹಾಡಿಕೊಂಡು ಹೋದರೆ ಹೋದ ದನಿ ತಿರುಗಿ ಬರುವುದಿಲ್ಲ.

"ದಿನಕ್ಕ ಎಷ್ಟು ಸಲ ಹಾಡ್ತೀರಿ ಈ ಹಾಡು?" ಎಂದು ಕೇಳಿದರು.

"ನಾಕು" ಎಂದರು ಬಾಯಾರು.

"ಎರಡು ಆಟ ಅಂದ್ರಲ್ಲ, ನಾಕ್ಯಾಕ?"

ಬಾಯಾರು ಸೆರಗಿನಿಂದ ಬಾಯಿ ಒರೆಸಿಕೊಂಡರು. ನನ್ನ ಕಡೆ ನೋಡಲೂ ಇಲ್ಲ. "ವನ್ಸ್ ಮೋರ್ ಬರತಾವ್ರಿ" ಎಂದು ನಾನೇ ಹೇಳಿದೆ.

ಡಾಕ್ಟರು ನಕ್ಕು, ಅದನ್ನು ಬಂದ್ ಮಾಡಿಸಿ ಎಂದರು. ಔಷಧದ ಚೀಟಿ ಬರೆದು, ರೋಗಿಗೆ ಕೊಡುವ ಬದಲು ನನ್ನ ಕೈಗೆ ಕೊಟ್ಟರು. ಅದನ್ನು ಮಡಿಸಿ ಡೈರಿಯಲ್ಲಿಟ್ಟುಕೊಂಡೆ. ಡೈರಿಯ ಪುಟಗಳಲ್ಲಿ ಪ್ರತಿ ಆಟದ ಮುಂದೆಯೂ, ಹಾಡಿದ ಒಂದೊಂದು ಸಲಕ್ಕೆ ಒಂದರಂತೆ, ಎರಡು ಗೀಟು ಇದ್ದವು. ಎರಡನೆಯ ಗೀಟೆಲ್ಲ ನನ್ನದು.

ತಿರುಗಿ ಬರುವಾಗ ಆರು ವಾರ ರಜೆ ಕೇಳಿ ಎಂದೆ. ಈ ಮೊಕ್ಕಾಂ ಮುಗಿಯಲಿ ಎಂದು ಕೈಸನ್ನೆ ಮಾಡಿದರು. ಬಸ್ಸಿನಲ್ಲಿ ಅವರು ಮಾತಾಡದಿದ್ದುದನ್ನು ಡಾಕ್ಟರ ಮಾತಿಗೆ ಕೊಟ್ಟ ಬೆಲೆ ಎಂದುಕೊಂಡೆ. ಮನೆಗೆ ಬಂದು, ಮುಖ ತೊಳೆದು, ಚಹಾ ಕುಡಿಯುವುದರೊಳಗೆ ನನ್ನ ತೀರ್ಮಾನ ಆಗಿತ್ತು. ರಜೆ ತೆಗೆದುಕೊಳ್ಳದಿದ್ದರೆ ಬೇಡ, ನಾಲ್ಕನ್ನು ಎರಡು ಮಾಡುವುದು ನನ್ನ ಕೈಯಲ್ಲಿದೆ. ಅವರನ್ನು ಕೇಳಬೇಕೆಂದು ತೋಚಲಿಲ್ಲ. ಹಾಸಿಗೆಯಲ್ಲಿ ಮಲಗಿದವರನ್ನು ಕೇಳಿಕೊಂಡು ಯಾವ ನರ್ಸೂ ಪಥ್ಯ ಹಾಕುವುದಿಲ್ಲ.

ಮುಂದಿನ ಸೋಮವಾರ ಆಟ ಶುರುವಾಗುವ ಮುಂಚೆಯೇ ಹೋಗಿ ಸುತ್ತಲಿನ ಹೆಂಗಸರಿಗೆ ಹೇಳಿದೆ: "ಇನ್ನ ಮ್ಯಾಲೆ ಯಾರೂ ಕೂಗಬ್ಯಾಡ್ರಿ. ಬಾಯಾರ ಗಂಟಲಿಗೆ ಆರಾಮಿಲ್ಲ, ಡಾಕ್ಟರು ಹೇಳ್ಯಾರ." ರೋಗಿಯ ನೆಂಟರಿಗೆ ಹೇಳುವ ದನಿಯಲ್ಲೇ ಹೇಳಿದೆ, ಅವರೂ ಹಾಗೇ ತಲೆಯಾಡಿಸಿದರು. ಗಂಡಸರ ಬದಿಗೂ ಹಾಡು ಬರುವುದರೊಳಗೆ ಸುದ್ದಿ ಮುಟ್ಟಿತು.

ಹಾಡು ಮುಗಿಯಿತು. ಯಾರೂ ಕೂಗಲಿಲ್ಲ. ಕೆಲಸದವಳ ಪಾತ್ರದ ಹುಡುಗಿ ಹೆರಳಿನ ತುದಿ ಹಿಡಿದು, ಬಿಚ್ಚಲು ಬೆರಳು ಸಿದ್ಧಮಾಡಿಕೊಂಡು ಕಾದಳು. ಬಾಯಾರು ಅರ್ಧ ಮುಗಿದ ಕೈಗಳನ್ನು ಹಾಗೇ ಹಿಡಿದು ಕೂತಿದ್ದರು. ತಗಡಿನ ಮೇಲೆ ಕಾಗೆ ನಡೆದಾಡುವ ಸಪ್ಪಳ ಕೇಳಿಸಿತು. ಆಮೇಲೆ ಮಾವನ ಪಾತ್ರದವರು ಬಂದು ತಮ್ಮ ಮಾತು ಶುರುಮಾಡಿದರು. ಅಂದು ಡೈರಿಯಲ್ಲಿ ಒಂದೇ ಗೀಟು ಹಾಕಿದೆ, ತೃಪ್ತಿಯಿಂದ. ಮುಂದಿನ ನಾಲ್ಕೈದು ಆಟಕ್ಕೂ ಅದೇ.

ಕಂಪನಿ ಗಂಗಾವತಿಗೆ ಹೋಯಿತು. ಆ ಹೊತ್ತಿಗೆ ತಂಗಿಯ ಸಕ್ಕರೆ ಏರಿ ಕಾಲಿನಲ್ಲಿ ಹುಣ್ಣಾಯಿತು, ಎರಡು ವಾರ ದಿನಾ ಪಟ್ಟಿ ಕಟ್ಟುತ್ತ ಮನೆಯಲ್ಲೇ ಉಳಿದೆ. ಹುಣ್ಣು ಒಣಗಿದ ಮೇಲೆ ಹೋದೆ. ತಾವರಗೇರಾದ ಮೇಲೆ ಎರಡು ತಾಸಿನ ದಾರಿ. ಬಸ್ಸಿನಿಂದಿಳಿದಾಗ ಸೊಂಟ ನನ್ನದಲ್ಲ ಎನ್ನುವಂತಿತ್ತು. ಅಕ್ಕಿ ಗಿರಣಿಗಳ ತೌಡಿನ ವಾಸನೆ, ಲಾರಿಗಳ ಸಾಲು. ಥೇಟರಿನಲ್ಲಿ ಪಕ್ಕಕ್ಕೆ ಕೂತವರು ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನನ್ನು ಯಾರೂ ಗುರುತಿಸಲಿಲ್ಲ, ಅದು ಒಳ್ಳೆಯದೇ ಅನಿಸಿತು.

ಹಿರಿಯ ಸೊಸೆಯಾಗಿ ಬೇರೆ ಯಾರೋ ಬಂದರು. ಇಪ್ಪತ್ತೈದು ವರ್ಷದ ಚೆಂದದ ಹುಡುಗಿ. ಹೆರಳಿನ ಸಂದರ್ಭ ಬಂದಾಗ ರೆಕಾರ್ಡಿನಲ್ಲಿ ಯಾವುದೋ ಹಾಡು ಬಂತು, ಹುಡುಗಿ ತುಟಿ ಆಡಿಸಿದಳು, ಜನ ಮೊಬೈಲು ಎತ್ತಿ ಹಿಡಿದರು. ಕೊನೆಯ ಅಂಕದಲ್ಲಿ ಒಬ್ಬ ಮುದುಕಿ ಬಂದು ಎರಡು ಮಾತಾಡಿ ಹೋದಳು. ಬಿಳಿ ಕೂದಲಿನ ಟೋಪನ್ನು ಹಾಕಿದ್ದರೂ ಆ ದೊಡ್ಡ ಕೈಗಳು ನನಗೆ ಗೊತ್ತಿದ್ದವು.

ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋದೆ. ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ತೆಗೆಯುತ್ತ ಕೂತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿ ಟ್ರಂಕು ತೋರಿಸಿದರು, ಕೂತೆ. ಹಾಡು ಯಾಕೆ ಹೋಯಿತೆಂದು ಕೇಳಿದೆ.

"ನೀವ ಹೇಳೀರಲ್ರಿ ಊರಿಗೆಲ್ಲಾ, ನನ್ನ ಗಂಟಲು ಹೋಗೈತಿ ಅಂತ."

"ನಾ ಹಂಗ ಹೇಳಿಲ್ಲ ಬಾಯಾರ. ಆರಾಮಿಲ್ಲ ಅಂದೆ."

"ಕಂಪನಿ ಮಾಲಕರ ಕಿವಿಗೆ ಮುಟ್ಟೂದ್ರಾಗ ಅದು ಹೋಗೇಬಿಟ್ಟಿತ್ತು." ದನಿ ಒರಟಾಗಿತ್ತು, ಮರಳು ಕಾಗದ ಎಳೆದಂತೆ. "ಒಂದು ವಾರ ವನ್ಸ್ ಮೋರ್ ಬರಲಿಲ್ಲ. ಅವರು ತಾಳೆ ನೋಡಿದ್ರು, ಸರಿ ಹೋತು."

"ನಿಮ್ಮ ದನಿ ಉಳೀಲಿ ಅಂತ ಮಾಡಿದೆ."

"ಗೊತ್ತೈತ್ರಿ. ಅದಕ್ಕ ಸಿಟ್ಟೂ ಬರವಲ್ದು ನನಗ." ಅರಿವೆಯಿಂದ ಹಣೆ ಒರೆಸಿಕೊಂಡರು. "ಉಳಿಸಿದ ದನಿ ಇಟ್ಕೊಂಡು ಈ ಮುದುಕಿ ಪಾರ್ಟು ಮಾಡಂತೀರೇನು? ಹಾಡಕೋತ ಹೋಗಿದ್ರ ದನಿ ಹೋಗ್ತಿತ್ತು, ಹೋಗ್ಲಿ. ಒಂದು ಮಾತು ನನ್ನ ಕೇಳಬೇಕಿತ್ತು ಅಕ್ಕಾರ. ಗಂಟಲು ನಂದಲ್ಲೇನು?"

ಎಲ್ಲಿ ನೋವು, ಎಂದಿನಿಂದ ನೋವು, ಹಸಿವು ಹೇಗಿದೆ, ನಿದ್ದೆ ಹೇಗಿದೆ ಎಂದು ಸಾವಿರಾರು ಜನರನ್ನು ಕೇಳಿದ್ದೇನೆ. ನಿನಗೇನು ಬೇಕು ಎಂದು ಕೇಳಿದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಪ್ರಶ್ನೆ ಚಾರ್ಟಿನಲ್ಲಿ ಇರಲಿಲ್ಲ.

ಎದ್ದು ಮಾಲಕರ ಹತ್ತಿರ ಹೋದೆ. ಕೆಟ್ಟ ಮನುಷ್ಯ ಎಂದುಕೊಂಡು ಹೋಗಿದ್ದೆ, ಅವರು ಹಾಗಿರಲಿಲ್ಲ. ದಣಿದವರು. ಎರಡು ಫೋನು ಮುಂದಿಟ್ಟುಕೊಂಡು, ಮುಂದಿನ ಮೊಕ್ಕಾಮಿನ ಜಾಗಕ್ಕೆ ಯಾರನ್ನೋ ಒಪ್ಪಿಸುತ್ತ ಕೂತಿದ್ದರು. ಬಾಯಾರು ತಮಗೆ ಅಕ್ಕ ಇದ್ದಂತೆ, ತಮ್ಮ ತಂದೆಯ ಕಾಲದಿಂದ ಇದ್ದವರು, ಬಿಡುವ ಮಾತೇ ಇಲ್ಲ ಎಂದರು. ಹಾಡಿನ ಮಾತು ಬೇರೆ. "ಆ ಹಾಡು ಮುಗಿಯೂಮಟ ಹಿಂದಿನ ಸಾಲಿನವ್ರು ಫೋನ್ ನೋಡಕೋತ ಕುಂದ್ರತಾರ್ರಿ. ನೀವು ಕೂಗಿದ್ರ ತಲಿ ಎತ್ತತಿದ್ರು. ಅದಕ್ಕ ಇಟ್ಟಿದ್ದೆ" ಎಂದರು. ನಾನು ಹಟ ಬಿಡಲಿಲ್ಲ. ಕೊನೆಗೆ ಒಂದು ಮಾತಿಗೆ ಒಪ್ಪಿದರು: ಮುಂದೆ ಕೊಪ್ಪಳದಲ್ಲಿ ಮೊಕ್ಕಾಂ, ಅಲ್ಲಿ ಮೊದಲ ಭಾನುವಾರದ ಮಧ್ಯಾಹ್ನ ಬಾಯಾರು ಒಮ್ಮೆ ಹಾಡಲಿ. ವನ್ಸ್ ಮೋರ್ ಬಂದರೆ ಭಾನುವಾರಕ್ಕೊಮ್ಮೆ ಹಾಡು ಇರುತ್ತದೆ. ಬರದಿದ್ದರೆ ರೆಕಾರ್ಡು. ಅಲ್ಲಿಯವರೆಗೆ ರಜೆ.

ಆರು ವಾರ ಅಂದಿದ್ದರು ಡಾಕ್ಟರು. ನಮಗೆ ಸಿಕ್ಕದ್ದು ನಾಲ್ಕು. ಈ ಸಲ ಕೇಳಿದೆ, ನಮ್ಮ ಮನೆಗೆ ಬರುತ್ತೀರಾ ಎಂದು. ಬಂದರು, ಒಂದು ಟ್ರಂಕಿನೊಡನೆ. ತಂಗಿ ಬಾಗಿಲಲ್ಲೇ, "ಪೇಶಂಟ್ ಬಂದ್ರು, ಇನ್ನ ನನಗ ಡಿಸ್ಚಾರ್ಜ್" ಎಂದಳು. ಬಾಯಾರಿಗೆ ಬರೆಯಲು ಬರುತ್ತಿರಲಿಲ್ಲ, ಆದ್ದರಿಂದ ಸ್ಟೀಲ್ ಲೋಟಕ್ಕೆ ಚಮಚ ಬಡಿಯುವ ಪದ್ಧತಿ ಮಾಡಿದೆವು: ಒಂದು ಬಡಿದರೆ ಹೌದು, ಎರಡು ಬಡಿದರೆ ಇಲ್ಲ. ಮಾತಾಡುವ ಕೆಲಸವನ್ನೆಲ್ಲ ತಂಗಿ ವಹಿಸಿಕೊಂಡಳು. ಎಷ್ಟೋ ವರ್ಷದಿಂದ ನಾನು ನಡುವೆ ತಡೆದು ನಿಲ್ಲಿಸಿದ್ದ ಕಥೆಗಳನ್ನು ಪೂರ್ತಿ ಕೇಳುವವರು ಆಕೆಗೆ ಸಿಕ್ಕಿದ್ದರು.

ಎರಡನೆಯ ವಾರ ಒಂದು ಬೆಳಗ್ಗೆ ಅವರು ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ಮಾಡಿ ಕೂತರು. ರಂಗದ ಮೇಲಿನ ಉದ್ದ ಹೆರಳಿಗೆ ಚೌರಿ ಸೇರಿಸುತ್ತಿದ್ದರು. ಅವರದೇ ಕೂದಲು ತೆಳ್ಳಗೆ, ನಡುವೆ ಬೆಳ್ಳಗಾಗಿತ್ತು. ಬಾಚಿದೆ, ಬಿಗಿಯಾಗಿ ಹೆಣೆದೆ. ಕುತ್ತಿಗೆ ನೋಡಿದೆ.

ಹೊರಡುವ ಹಿಂದಿನ ದಿನ ಮೌನ ಮುಗಿಸಿದರು. ಮೊದಲ ಮಾತು ಬಂದಾಗ ಮೂವರೂ ಗಂಟಲನ್ನೇ ಕೇಳುತ್ತ ಕೂತೆವು. ಒರಟು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಆಗ ನಾನು ಕೇಳಬೇಕಾದದ್ದನ್ನು ಕೇಳಿದೆ.

"ಭಾನುವಾರ ನಾ ಕೂಗಲೋ, ಬ್ಯಾಡೋ?"

"ಹಾಡಿದ ಮ್ಯಾಲೆ ನನಗ ಗೊತ್ತಾಗತೈತ್ರಿ. ನಾ ನಿಮ್ಮ ಕಡೆ ನೋಡಿದ್ರ ಕೂಗ್ರಿ. ನೋಡಲಿಲ್ಲಂದ್ರ ಸುಮ್ನ ಕೂಡ್ರಿ."

ಕೊಪ್ಪಳದ ಥೇಟರು ಅರ್ಧ ತುಂಬಿತ್ತು. ಮೂರನೆಯ ಸಾಲು, ಓಣಿಯ ಪಕ್ಕ. ಆಟ ಹದಿನೈದು ನಿಮಿಷ ತಡ. ತಂಗಿಯೂ ಬರುತ್ತೇನೆಂದಿದ್ದಳು, ಕಾಲಿಗಾಗಿ ಬೇಡವೆಂದೆ. ಅರವತ್ತೇಳನೆಯ ವಯಸ್ಸಿಗೆ ಶುರುವಾದದ್ದು ಅರವತ್ತೆಂಟಕ್ಕೆ ಬಂದಿತ್ತು. ಇಷ್ಟು ಬಸ್ಸು, ಇಷ್ಟು ಬಿಸಿಲು ಯಾವ ಮಹಾ ಕೆಲಸಕ್ಕೆ ಎಂದು ಹಾಸ್ಯದವರ ಹೊತ್ತಿನಲ್ಲಿ ನನ್ನನ್ನೇ ಕೇಳಿಕೊಂಡೆ. ಮನೆಗೆ ಹೋಗಿ ಮಲಗಬೇಕೆನಿಸುತ್ತಿತ್ತು. ಹಾಡು ಕೇಳಬೇಕೆಂಬುದು ಅದಕ್ಕಿಂತ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ.

ಪೇಟಿ ಮಾಸ್ತರರು ಶ್ರುತಿಯನ್ನು ಒಂದು ಮನೆ ಇಳಿಸಿಕೊಟ್ಟಿದ್ದರು. ಬಾಯಾರು ಹಾಡಿದರು. ಎರಡು ಕಡೆ ಉಸಿರು ಮುಂಚಿತವಾಗಿ ಎಳೆದುಕೊಂಡರು, ಮೇಲಿನ ಸ್ವರವನ್ನು ಮುಟ್ಟಿ ಕೂಡಲೇ ಬಿಟ್ಟರು. ಸೀಳಲಿಲ್ಲ. ಅಳದೆಯೇ ಹಾಡಿದರು, ಮೊದಲಿನ ಹಾಗೆ. ಹಿಂದಿನ ಸಾಲುಗಳಲ್ಲಿ ಫೋನಿನ ಬೆಳಕು ನೀಲಿಯಾಗಿ ಕಾಣುತ್ತಿತ್ತು. ಹೆರಳು ಮುಗಿಯಿತು. ಹಾಡು ಮುಗಿಯಿತು.

ಅವರು ತಲೆ ತಗ್ಗಿಸಿ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಿದ್ದರು. ಮಾವನ ಪಾತ್ರದವರ ನೆರಳು ಪರದೆಯ ಪಕ್ಕಕ್ಕೆ ಬಂದು ನಿಂತಿತು. ನೋಡದಿರಲಿ ಎಂದು ನನ್ನ ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಆ ಎರಡು ಗಂಟುಗಳನ್ನು ಪರದೆಯ ಮೇಲೆ ನೋಡಿದವಳು ನಾನು. ಆಗ ಅವರು ತಲೆ ಎತ್ತಿ ಮೂರನೆಯ ಸಾಲಿನತ್ತ, ನೇರ ನನ್ನತ್ತ ನೋಡಿದರು.

ಮುಂದಿನ ಕುರ್ಚಿ ಹಿಡಿದು ಎದ್ದೆ. "ವನ್ಸ್ ಮೋರ್." ಒಡೆದದ್ದು ನನ್ನ ದನಿ. ಯಾರೂ ದನಿಗೂಡಿಸಲಿಲ್ಲ, ಮುಂದಿನವರು ತಿರುಗಿ ನೋಡಿದರು. ಇನ್ನೊಮ್ಮೆ, ವಾರ್ಡಿನ ಆ ತುದಿಗೆ ಕೇಳುವಂತೆ ಕೂಗಿದೆ. ಹಿಂದಿನಿಂದ ಒಬ್ಬ ಗಂಡಸು, "ಹಾಡ್ರಿ ಬಾಯಾರ, ಹಿರ್ಯಾರು ಕೇಳಾಕತ್ತಾರ" ಎಂದ. ನಾಲ್ಕೈದು ಕಡೆಯಿಂದ ಚಪ್ಪಾಳೆ ಬಂತು, ಇನ್ನೆರಡು ವನ್ಸ್ ಮೋರ್ ಬಂದವು. ಮಾಲಕರ ಲೆಕ್ಕಕ್ಕೆ ಅಷ್ಟು ಸಾಕಿತ್ತು.

ಕೆಲಸದವಳು ಹೆರಳು ಬಿಚ್ಚಲು ಕೈ ಹಾಕಿದಳು. ಬಾಯಾರು ಹಿಂದಕ್ಕೆ ಕೈ ಚಾಚಿ ಅವಳ ಕೈ ಹಿಡಿದು ತಡೆದರು. ಹಾಕಿದ ಹೆರಳನ್ನು ಹಾಗೇ ಬಿಟ್ಟು, ಕೊನೆಯ ಎರಡು ಸಾಲನ್ನು ಮಾತ್ರ ಇನ್ನೊಮ್ಮೆ ಹಾಡಿ ಕೈಮುಗಿದರು.

ಆರೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೆಳಕಿರುವಾಗಲೇ ಡೈರಿ ತೆಗೆದೆ. ಒಂದು ಗೀಟು ಹಾಕಿದೆ, ಅದರ ಪಕ್ಕ ಇನ್ನೊಂದು, ಕಾಲುಭಾಗದಷ್ಟು. ಮುಂದೆ "ಎರಡು ಸಾಲು, ಕೇಳಿ ಕೊಟ್ಟದ್ದು" ಎಂದು ಬರೆದೆ. ವಾರ್ಡಿನಲ್ಲಿ ಔಷಧ ಕೊಟ್ಟವರು ಚಾರ್ಟಿನಲ್ಲಿ ಸಹಿ ಹಾಕಬೇಕು, ಆಮೇಲೆ ಏನಾದರೂ ಆದರೆ ಯಾರನ್ನು ಕೇಳಬೇಕೆಂದು ಗೊತ್ತಿರಲಿ ಅಂತ. ಬಸ್ಸು ಕುಲುಕುತ್ತಿತ್ತು. ಅಕ್ಷರ ಸೊಟ್ಟ ಬಿದ್ದರೂ ನನ್ನ ಹೆಸರನ್ನು ಪೂರ್ತಿ ಬರೆದು, ಕೆಳಗೆ ವೇಳೆ ಹಾಕಿದೆ.